ಮರುಭೂಮಿಯಲ್ಲಿ ಪ್ರವಾಹ, ಧ್ರುವದಲ್ಲಿ ಸೆಕೆ: ನಿಜಕ್ಕೂ ಹೆಚ್ಚಾಗಿದೆಯೇ, ಮೊಬೈಲ್‌ನಿಂದ ಹಾಗೆ ಕಾಣುತ್ತಿದೆಯೇ?

ಪ್ರಶ್ನೆ: ಸರ್, ಎರಡು ಮೂರು ವರ್ಷಗಳಿಂದ ಮೊಬೈಲ್ ತೆರೆದರೆ ಸಾಕು, ಒಂದಲ್ಲ ಒಂದು ದೇಶದ ಹವಾಮಾನದ ವಿಡಿಯೊ ಬರುತ್ತದೆ. ದುಬೈ ವಿಮಾನ ನಿಲ್ದಾಣದಲ್ಲಿ ನೀರು, ಸಹರಾದಲ್ಲಿ ತುಂಬಿದ ಕೆರೆ, ಹಿಮವೇ ಇಲ್ಲದ ಫ್ಯೂಜಿ ಪರ್ವತ, ಟೆಕ್ಸಸ್‌ನಲ್ಲಿ ಚಳಿಗೆ ಸತ್ತ ಜನ. ನಮ್ಮ ತಂದೆಯವರಿಗೆ ತೋರಿಸಿದರೆ ‘ಇದೆಲ್ಲ ಹಿಂದೆಯೂ ಇತ್ತು, ಆಗ ಮೊಬೈಲ್ ಇರಲಿಲ್ಲ ಅಷ್ಟೆ’ ಅನ್ನುತ್ತಾರೆ. ಏನು ಉತ್ತರ ಕೊಡಬೇಕೋ ತಿಳಿಯುವುದಿಲ್ಲ. ಇವೆಲ್ಲ ನಿಜಕ್ಕೂ ಹೆಚ್ಚಾಗಿವೆಯೇ? ಭೂಮಿ ಬಿಸಿಯಾಗುತ್ತಿದ್ದರೆ ಚಳಿ ಹೇಗೆ ಬರುತ್ತದೆ? ಪ್ರತಿಯೊಂದಕ್ಕೂ ‘ಹವಾಮಾನ ಬದಲಾವಣೆ’ ಕಾರಣ ಅನ್ನುವುದು ಸರಿಯೇ?

ಉತ್ತರ: ಮೊದಲು ನಿಮ್ಮ ತಂದೆಯವರ ಮಾತನ್ನೇ ಎತ್ತಿಕೊಳ್ಳುತ್ತೇನೆ. ಅದನ್ನು ತಳ್ಳಿಹಾಕುವಂತಿಲ್ಲ, ಅರ್ಧ ಸತ್ಯ ಅದರಲ್ಲಿದೆ. ವಿಶ್ವ ಹವಾಮಾನ ಸಂಸ್ಥೆ 1970ರಿಂದ 2019ರವರೆಗಿನ 50 ವರ್ಷಗಳ ಲೆಕ್ಕ ತೆಗೆದಾಗ ಹವಾಮಾನದ ಅನಾಹುತಗಳ ಸಂಖ್ಯೆ ಐದು ಪಟ್ಟಾಗಿತ್ತು. ಆದರೆ ಅದಕ್ಕೆ ಕಾರಣ ಹೇಳುವಾಗ ಆ ಸಂಸ್ಥೆಯೇ ‘ವರದಿ ಮಾಡುವ ವ್ಯವಸ್ಥೆ ಸುಧಾರಿಸಿದ್ದೂ ಒಂದು ಕಾರಣ’ ಎಂದು ಸೇರಿಸಿತ್ತು. ಹಿಂದೆ ಎಷ್ಟೋ ಹಳ್ಳಿಗಳು ಮುಳುಗಿದ್ದು ಪಕ್ಕದ ಜಿಲ್ಲೆಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಸುದ್ದಿಗಳನ್ನೋ ವಿಡಿಯೊಗಳನ್ನೋ ಎಣಿಸಿ ‘ಹೆಚ್ಚಾಗಿದೆ’ ಎಂದು ವಾದಿಸಿದರೆ ನಿಮ್ಮ ತಂದೆಯವರೇ ಗೆಲ್ಲುತ್ತಾರೆ.

ಹವಾಮಾನ ಅಳೆಯುವ ನಾವು ವಿಡಿಯೊ ಎಣಿಸುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ಬಗೆಯ ಪೆಟ್ಟಿಗೆಯಲ್ಲಿ, ದಿನಾ ಅದೇ ಹೊತ್ತಿಗೆ, ನೂರು ನೂರೈವತ್ತು ವರ್ಷಗಳಿಂದ ಬರೆದಿಟ್ಟ ಅಂಕಿಗಳನ್ನು ನೋಡುತ್ತೇವೆ. ಆ ಅಂಕಿಗಳನ್ನು ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಮೊಬೈಲ್ ಇಲ್ಲದ್ದನ್ನು ತೋರಿಸುತ್ತಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಯಾವುದೋ ಅದು ಮೊಬೈಲಿಗೆ ಕಾಣಿಸುವುದೇ ಇಲ್ಲ.

ಆ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಡೀ ಮಾತು ನಿಂತಿರುವುದು ಅದರ ಮೇಲೆ. ಅದರ ಹೆಸರು ಸ್ಟೀವನ್‌ಸನ್ ಪೆಟ್ಟಿಗೆ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ್ದು. ಬಿಳಿ ಬಣ್ಣ ಬಳಿದ ಮರದ ಗೂಡು, ನಾಲ್ಕೂ ಕಡೆ ಗಾಳಿಯಾಡುವ ಓರೆ ಪಟ್ಟಿಗಳು, ನಿಂತವರ ಎದೆಮಟ್ಟಕ್ಕೆ ಬರುವ ಕಾಲುಗಳು. ಬಾಗಿಲು ತೆಗೆದಾಗ ಬಿಸಿಲು ಒಳಗೆ ಬೀಳದ ದಿಕ್ಕಿಗೆ ಅದರ ಮುಖ. ಒಳಗೆ ನಾಲ್ಕು ಉಷ್ಣಮಾಪಕ. ನಾನು ತರಬೇತಿಗೆ ಸೇರಿದ ಮೊದಲ ವಾರ ಬಾಗಿಲು ತೆಗೆದು, ಬಗ್ಗಿ, ಹತ್ತಿರಕ್ಕೆ ಮುಖ ಒಯ್ದು ಓದತೊಡಗಿದೆ. ಹಿಂದೆ ನಿಂತಿದ್ದ ಹಿರಿಯರು ಭುಜ ಹಿಡಿದು ಹಿಂದಕ್ಕೆಳೆದರು. ‘ನಿನ್ನ ಉಸಿರು ಅದಕ್ಕೆ ತಾಗಬಾರದು. ಕಣ್ಣು ಪಾದರಸದ ಸಮಕ್ಕೆ ಇರಲಿ. ಮೊದಲು ದಶಾಂಶ ಓದು, ಆಮೇಲೆ ಡಿಗ್ರಿ’ ಅಂದರು. ನೀವು ನೋಡುತ್ತಿರುವಷ್ಟು ಹೊತ್ತಿನಲ್ಲೇ ನಿಮ್ಮ ಮೈಯ ಶಾಖಕ್ಕೆ ದಶಾಂಶ ಮೊದಲು ಬದಲಾಗುತ್ತದೆ, ಅದಕ್ಕೇ ಆ ಕ್ರಮ. ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಅಷ್ಟು ಎಚ್ಚರ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲಿಬಿಯಾದ ಎಲ್ ಅಜೀಜಿಯಾದ ಕಥೆ ಇದೆ. 1922ರ ಸೆಪ್ಟೆಂಬರ್ 13ರಂದು ಅಲ್ಲಿ 58 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 90 ವರ್ಷ ಅದೇ ಜಗತ್ತಿನ ಅತಿ ಹೆಚ್ಚು ಉಷ್ಣಾಂಶ ಎಂದು ಪಠ್ಯಪುಸ್ತಕಗಳಲ್ಲಿ ಇತ್ತು. ಕೊನೆಗೆ ಮೂಲ ದಾಖಲೆ ಪುಸ್ತಕವನ್ನು ಹುಡುಕಿ ತೆಗೆದು ನೋಡಿದರೆ, ಆ ದಿನಗಳಲ್ಲಿ ಓದುತ್ತಿದ್ದವನು ಹೊಸಬ; ಅಂಕಿಗಳನ್ನು ತಪ್ಪು ಕಾಲಂನಲ್ಲಿ ಬರೆದಿದ್ದ. ಹಳೆಯ ಮಾದರಿಯ ಆ ಉಪಕರಣದೊಳಗಿನ ಪುಟ್ಟ ಕಡ್ಡಿಯ ಕೆಳತುದಿಯನ್ನು ಓದುವ ಬದಲು ಮೇಲ್ತುದಿಯನ್ನು ಓದಿರಬೇಕು ಎಂದು ಪರಿಶೀಲಕರು ತೀರ್ಮಾನಿಸಿದರು. 2012ರಲ್ಲಿ ಆ ದಾಖಲೆಯನ್ನು ರದ್ದು ಮಾಡಲಾಯಿತು. ನಮ್ಮ ಕ್ಷೇತ್ರದ ಬಗ್ಗೆ ನನಗೆ ಹೆಮ್ಮೆ ಅನ್ನಿಸುವುದು ಇಂಥ ಕಡೆ. ‘ಬಿಸಿ ಹೆಚ್ಚಾಗಿದೆ’ ಎಂದು ಹೇಳುವವರೇ ಅತಿ ದೊಡ್ಡ ಬಿಸಿಯ ದಾಖಲೆಯನ್ನು ಹೊಡೆದುಹಾಕಿದ್ದಾರೆ. ದೆಹಲಿಯ ಮುಂಗೇಶ್‌ಪುರದಲ್ಲಿ 2024ರ ಮೇ 29ರಂದು 52 ಡಿಗ್ರಿ ದಾಟಿತು ಎಂಬ ಸುದ್ದಿ ಲೋಕವೆಲ್ಲ ಸುತ್ತಿದಾಗಲೂ ಹೀಗೇ ಆಯಿತು. ಪರೀಕ್ಷಿಸಿ ನೋಡಿದರೆ ಅಲ್ಲಿನ ಸ್ವಯಂಚಾಲಿತ ಯಂತ್ರ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿ ದಿನನಿತ್ಯದ ಕೆಲಸ.

ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವ ಅಂಕಿ ಯಾವುದು? 2024 ಈವರೆಗೆ ಅಳೆದ ವರ್ಷಗಳಲ್ಲೇ ಅತಿ ಬಿಸಿಯಾದದ್ದು. 1850ರಿಂದ 1900ರವರೆಗಿನ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು. ಅದರ ಹಿಂದಿನ 2023 ಆವರೆಗಿನ ದಾಖಲೆ ಮುರಿದಿತ್ತು. 2015ರಿಂದ 2025ರವರೆಗಿನ ಹನ್ನೊಂದು ವರ್ಷಗಳೇ ಅಳತೆಯ ಇತಿಹಾಸದ ಅತಿ ಬಿಸಿಯ ಹನ್ನೊಂದು ವರ್ಷಗಳು. ನಡುವೆ ಒಂದು ಹಳೆಯ ವರ್ಷವೂ ನುಸುಳಿಲ್ಲ. ಮೊಬೈಲ್ ಇಲ್ಲದ ಕಾಲದ ಉಷ್ಣಮಾಪಕವನ್ನೂ ಇಂದಿನದನ್ನೂ ಪಕ್ಕ ಪಕ್ಕ ಇಟ್ಟೇ ಇದನ್ನು ಹೇಳುತ್ತಿರುವುದು.

ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಎನಿಸಬಹುದು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ನಾವೇ ಅನುಭವಿಸುತ್ತೇವಲ್ಲ? ಆದರೆ ಇದು ಇಡೀ ಭೂಮಿಯ, ಇಡೀ ವರ್ಷದ ಸರಾಸರಿ. ಸರಾಸರಿ ಸ್ವಲ್ಪ ಸರಿದರೆ ನಡುವಿನ ದಿನಗಳಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಂಚಿನ ದಿನಗಳಲ್ಲಿ ಗೊತ್ತಾಗುತ್ತದೆ. ಕೆನಡಾದ ಉದಾಹರಣೆ ನೋಡಿ. ಆ ದೇಶದ ಅತಿ ಹೆಚ್ಚಿನ ಉಷ್ಣಾಂಶ 1937ರಿಂದ 45 ಡಿಗ್ರಿಯಲ್ಲೇ ನಿಂತಿತ್ತು. ಸಾಮಾನ್ಯವಾಗಿ ದಾಖಲೆ ಮುರಿದರೆ ಡಿಗ್ರಿಯ ಒಂದೆರಡು ದಶಾಂಶದಿಂದ ಮುರಿಯುತ್ತದೆ. 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯಾದ ಲಿಟನ್ ಎಂಬ ಸಣ್ಣ ಊರಿನಲ್ಲಿ 49.6 ಡಿಗ್ರಿ ದಾಖಲಾಯಿತು. ನಾಲ್ಕೂವರೆ ಡಿಗ್ರಿಯ ಜಿಗಿತ! ಆ ಅಂಕಿ ಮೊದಲು ನೋಡಿದಾಗ ಬೆರಳಚ್ಚಿನ ತಪ್ಪಿರಬೇಕು ಎಂದುಕೊಂಡವರಲ್ಲಿ ನಾನೂ ಒಬ್ಬ. ಮರುದಿನವೇ ಆ ಊರಿನ ಬಹುಪಾಲು ಬೆಂಕಿಗೆ ಸುಟ್ಟುಹೋಯಿತು.

ಅಲ್ಲಿ ಆದದ್ದಿಷ್ಟು. ಎತ್ತರದಲ್ಲಿ ಹೆಚ್ಚಿನ ಒತ್ತಡದ ಗಾಳಿಯ ರಾಶಿಯೊಂದು ಬಂದು, ಮುಂದಕ್ಕೆ ಸರಿಯದೆ ಅಲ್ಲೇ ಕೂತಿತು. ಮೇಲಿನಿಂದ ಕೆಳಗಿಳಿಯುವ ಗಾಳಿ ಒತ್ತಲ್ಪಟ್ಟು ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಬಿಸಿಯಾದಂತೆ. ಮೋಡ ಕಟ್ಟುವುದಿಲ್ಲ, ಬಿಸಿಲು ನೇರ ನೆಲಕ್ಕೆ. ನೆಲ ಹಸಿಯಿದ್ದರೆ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡಲು ಹೋಗುತ್ತದೆ. ಒಣಗಿದ ನೆಲದಲ್ಲಿ ಪೂರ್ತಿ ಶಾಖ ಗಾಳಿಗೇ ಸೇರುತ್ತದೆ. ಹೀಗೆ ಮುಚ್ಚಳ ಮುಚ್ಚಿದಂಥ ಸ್ಥಿತಿ ಹಿಂದೆಯೂ ಬರುತ್ತಿತ್ತು. ಈ ಮಟ್ಟಿಗೆ ನಿಮ್ಮ ತಂದೆಯವರ ಮಾತು ಸರಿ. ಆದರೆ ಹಿಂದೆ ಆ ಮುಚ್ಚಳದ ಅಡಿಯಲ್ಲಿದ್ದ ಗಾಳಿಯ ಆರಂಭದ ಬಿಸಿಯೇ ಬೇರೆ ಇತ್ತು. ವಾಯುಗುಣ ಬದಲಾಗದ ಲೋಕದಲ್ಲಿ ಅಂಥ ಉಷ್ಣಾಂಶ ಹೆಚ್ಚುಕಡಿಮೆ ಅಸಾಧ್ಯ ಎಂದು ಅದನ್ನು ಲೆಕ್ಕ ಹಾಕಿದ ವಿಜ್ಞಾನಿಗಳ ತಂಡ ಹೇಳಿತು. ಮರುವರ್ಷ, 2022ರ ಜುಲೈ 19ರಂದು, ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ. ಬ್ರಿಟನ್ 40 ದಾಟಿದ್ದು ಅದೇ ಮೊದಲು.

ಈಗ ಮೊಬೈಲ್ ವಿಷಯಕ್ಕೆ ಬರುತ್ತೇನೆ. ಶಾಖದ ಅಲೆಯಲ್ಲಿ ಸಾಯುವವರು ಹೇಗೆ ಸಾಯುತ್ತಾರೆ ಗೊತ್ತೇ? ಮುಚ್ಚಿದ ಕೋಣೆಯಲ್ಲಿ, ಮೂರನೆಯ ರಾತ್ರಿಯೋ ನಾಲ್ಕನೆಯ ರಾತ್ರಿಯೋ, ಒಬ್ಬರೇ. ಹೆಚ್ಚಿನವರು ವಯಸ್ಸಾದವರು. ಹಗಲಿನ ಬಿಸಿಯನ್ನು ದೇಹ ತಡೆದುಕೊಳ್ಳುತ್ತದೆ, ರಾತ್ರಿ ತಣ್ಣಗಾದರೆ ಸುಧಾರಿಸಿಕೊಳ್ಳುತ್ತದೆ. ರಾತ್ರಿಯೂ ತಣಿಯದಿದ್ದರೆ ಹೃದಯಕ್ಕೆ ವಿಶ್ರಾಂತಿ ಸಿಗದೆ ಸೋಲುತ್ತದೆ. ಮರಣಪತ್ರದಲ್ಲಿ ‘ಹೃದಯಾಘಾತ’ ಅಥವಾ ‘ಮೂತ್ರಪಿಂಡ ವೈಫಲ್ಯ’ ಎಂದಿರುತ್ತದೆ, ‘ಬಿಸಿ’ ಎಂದು ಇರುವುದಿಲ್ಲ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಸುಮಾರು 70,000 ಜನ ಹೀಗೆ ಸತ್ತರು. 2022ರ ಬೇಸಿಗೆಯಲ್ಲಿ ಮತ್ತೆ 60,000ಕ್ಕೂ ಹೆಚ್ಚು. ಇದು ತಿಳಿದದ್ದು ತಿಂಗಳುಗಳ ಬಳಿಕ, ಸಾವಿನ ಲೆಕ್ಕಗಳನ್ನು ಸಾಮಾನ್ಯ ವರ್ಷಗಳ ಜತೆ ಹೋಲಿಸಿದಾಗ. ಇದರ ಒಂದು ವಿಡಿಯೊವನ್ನಾದರೂ ನೀವು ನೋಡಿದ್ದೀರಾ? ತೇಲಿಹೋಗುವ ಕಾರು ಕಣ್ಣಿಗೆ ಕಾಣುತ್ತದೆ. ನಾಲ್ಕನೇ ಮಹಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ ಅಜ್ಜಿ ಕಾಣುವುದಿಲ್ಲ. ನನ್ನನ್ನು ಈ ವೃತ್ತಿಯಲ್ಲಿ ಹೆಚ್ಚು ಕಾಡಿರುವುದು ಈ ಒಂದು ಸಂಗತಿ.

ಮಳೆಯ ವಿಷಯ ಸ್ವಲ್ಪ ಬೇರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. 19ನೇ ಶತಮಾನದಿಂದ ತಿಳಿದಿರುವ ಭೌತಶಾಸ್ತ್ರ ಇದು. ಅದರ ಪರಿಣಾಮ ಎರಡು ಬಗೆ. ಮಳೆ ಬರುವಾಗ ಸುರಿಯಲು ಹೆಚ್ಚು ನೀರಿರುತ್ತದೆ. ಮಳೆ ಇಲ್ಲದಾಗ ಅದೇ ಬಾಯಾರಿದ ಗಾಳಿ ನೆಲದಿಂದ ಹೆಚ್ಚು ನೀರು ಹೀರುತ್ತದೆ. ಒಂದೇ ದೇಶದಲ್ಲಿ ಒಂದು ವರ್ಷ ಬರ, ಮರುವರ್ಷ ನೆರೆ ಎಂದರೆ ಜನ ‘ಇವರಿಗೇ ಗೊತ್ತಿಲ್ಲ, ಒಮ್ಮೆ ಹಾಗೆ ಒಮ್ಮೆ ಹೀಗೆ ಅನ್ನುತ್ತಾರೆ’ ಎನ್ನುತ್ತಾರೆ. ಎರಡಕ್ಕೂ ಬೇರು ಒಂದೇ.

ನೀವು ಕೇಳಿದ ದುಬೈ ಮಳೆ 2024ರ ಏಪ್ರಿಲ್ 16ರದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅಲ್ ಐನ್ ಬಳಿ ಒಂದು ದಿನದೊಳಗೆ 254 ಮಿ.ಮೀ. ಬಿತ್ತು. 1949ರಲ್ಲಿ ದಾಖಲೆ ಇಡಲು ಶುರುವಾದ ಮೇಲೆ ಅಷ್ಟು ಬಿದ್ದದ್ದಿಲ್ಲ. ಕೂಡಲೇ ‘ಮೋಡ ಬಿತ್ತನೆ ಮಾಡಿ ಕೆಡಿಸಿಕೊಂಡರು’ ಎಂಬ ಮಾತು ಹಬ್ಬಿತು. ಅದು ಹುರುಳಿಲ್ಲದ ಮಾತು. ಮೋಡ ಬಿತ್ತನೆ ಇರುವ ಮೋಡದಿಂದ ಒಂದಿಷ್ಟು ಹೆಚ್ಚು ಹನಿ ಉದುರಿಸಬಹುದೇ ಹೊರತು ಸಾವಿರ ಕಿ.ಮೀ. ಉದ್ದದ ಮಳೆಯ ವ್ಯವಸ್ಥೆಯನ್ನು ಹುಟ್ಟಿಸಲಾರದು. ಆ ಮಳೆ ಬರುತ್ತದೆ ಎಂದು ಮುನ್ಸೂಚನೆಯ ಮಾದರಿಗಳು ದಿನಗಳ ಮೊದಲೇ ಹೇಳಿದ್ದವು. ಪಕ್ಕದ ಒಮಾನ್‌ನಲ್ಲೂ ಅದೇ ಮಳೆ ಜನರನ್ನು ಬಲಿ ತೆಗೆದುಕೊಂಡಿತು. ಸಹರಾದ ಕೆರೆಯೂ ನಿಜ. 2024ರ ಸೆಪ್ಟೆಂಬರ್ ಮಳೆಗೆ ಮೊರಾಕೊದ ಇರಿಕಿ ಎಂಬ ಒಣ ಕೆರೆಯ ತಳ ಅರ್ಧ ಶತಮಾನದ ನಂತರ ತುಂಬಿತು. ಫ್ಯೂಜಿಯೂ ನಿಜ. ಸಾಮಾನ್ಯವಾಗಿ ಅಕ್ಟೋಬರ್ ಆರಂಭದಲ್ಲಿ ಅದರ ತಲೆಯ ಮೇಲೆ ಹಿಮ ಕಾಣುತ್ತದೆ. 2024ರಲ್ಲಿ ಕಂಡದ್ದು ನವೆಂಬರ್ 7ಕ್ಕೆ. 1894ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ತಡವಾದದ್ದಿಲ್ಲ.

ಆದರೆ ಮಳೆಯ ಅಳತೆ ಒಂದು, ಅನಾಹುತದ ಅಳತೆ ಇನ್ನೊಂದು. ಇದನ್ನು ಬೆರೆಸಿದರೆ ದೊಡ್ಡ ಅನ್ಯಾಯವಾಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

2023ರ ಸೆಪ್ಟೆಂಬರ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಡೇನಿಯಲ್ ಎಂಬ ಬಿರುಗಾಳಿ ಎದ್ದಿತು. ಮೊದಲು ಗ್ರೀಸಿಗೆ ಅಪ್ಪಳಿಸಿತು. ಅಲ್ಲಿನ ಸಾಗೋರಾ ಎಂಬ ಊರಿನಲ್ಲಿ ಒಂದೇ ದಿನದಲ್ಲಿ 700 ಮಿ.ಮೀ.ಗೂ ಹೆಚ್ಚು ಸುರಿಯಿತು. ಆಮೇಲೆ ಬಿಸಿ ಸಮುದ್ರದ ಮೇಲೆ ಇನ್ನಷ್ಟು ನೀರು ಹೀರಿ ಲಿಬಿಯಾಕ್ಕೆ ಬಂತು. 10ನೇ ತಾರೀಕು ಅಲ್ ಬೈದಾದಲ್ಲಿ 414 ಮಿ.ಮೀ. ಬಿತ್ತು. ಅಂಕಿಯಲ್ಲಿ ಗ್ರೀಸಿನ ಮಳೆಯೇ ದೊಡ್ಡದು. ಸತ್ತವರ ಸಂಖ್ಯೆ ಗ್ರೀಸಿನಲ್ಲಿ ಹದಿನೇಳರ ಆಸುಪಾಸು, ಲಿಬಿಯಾದ ಡೆರ್ನಾದಲ್ಲಿ ಸಾವಿರಾರು. ಡೆರ್ನಾ ಊರಿನ ನಡುವೆ ಹಾದುಹೋಗುವ ಒಣ ಹಳ್ಳದ ಮೇಲ್ಭಾಗದಲ್ಲಿ 1970ರ ದಶಕದಲ್ಲಿ ಕಟ್ಟಿದ ಎರಡು ಅಣೆಕಟ್ಟುಗಳಿದ್ದವು. ರಾತ್ರಿ, ಊರು ಮಲಗಿದ್ದಾಗ, ಒಂದರ ಹಿಂದೆ ಒಂದು ಒಡೆದವು. ಇವಕ್ಕೆ ದುರಸ್ತಿ ಬೇಕು, ದೊಡ್ಡ ನೆರೆ ಬಂದರೆ ಊರೇ ಹೋಗುತ್ತದೆ ಎಂದು ಲಿಬಿಯಾದ ಜಲತಜ್ಞರೊಬ್ಬರು 2022ರಲ್ಲೇ ಬರೆದಿದ್ದರು.

ಸ್ಪೇನಿನ ವೆಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ರಂದು ಆದದ್ದನ್ನು ಗಡಿಯಾರ ಹಿಡಿದು ನೋಡಬೇಕು. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಅಲ್ಲಿನ ಹವಾಮಾನ ಸಂಸ್ಥೆ ಕೆಂಪು ಎಚ್ಚರಿಕೆ ಕೊಟ್ಟಿತು. ಟುರಿಸ್ ಎಂಬ ಊರಿನಲ್ಲಿ ಒಂದೇ ಗಂಟೆಯಲ್ಲಿ 184.6 ಮಿ.ಮೀ., ಆ ದಿನ ಒಟ್ಟು 771.8 ಮಿ.ಮೀ. ಗಂಟೆಗೆ 184 ಮಿ.ಮೀ. ಎಂದರೆ ಮಳೆಮಾಪಕದ ಮುಂದೆ ನಿಂತವರಿಗೆ ಹನಿಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ, ನೀರಿನ ಪರದೆಯಂತಿರುತ್ತದೆ. ಸಂಜೆಯ ಹೊತ್ತಿಗೆ ತಗ್ಗಿನ ಊರುಗಳಿಗೆ, ಅದೂ ಒಂದು ಹನಿ ಬೀಳದಿದ್ದ ಊರುಗಳಿಗೂ, ಬೆಟ್ಟದ ನೀರು ನುಗ್ಗಿತು. ಜನರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಆಗ ಎಷ್ಟೋ ಜನ ನೆಲಮಾಳಿಗೆಯಿಂದ ಕಾರು ತೆಗೆಯಲು ಹೋಗಿ ಅಲ್ಲೇ ಮುಳುಗಿಯಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಈ ಎರಡನ್ನೂ ಬರೀ ‘ಹವಾಮಾನ ಬದಲಾವಣೆಯ ದುರಂತ’ ಎಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಬಿಸಿಯಾದ ಸಮುದ್ರ ಮಳೆಯನ್ನು ದೊಡ್ಡದು ಮಾಡಿತು, ಅದು ನಿಜ. ಆದರೆ ಒಡೆದ ಅಣೆಕಟ್ಟಿಗೆ, ತಡವಾದ ಸಂದೇಶಕ್ಕೆ ಮನುಷ್ಯರೇ ಉತ್ತರ ಕೊಡಬೇಕು. ಅಧಿಕಾರದಲ್ಲಿರುವವರು ಕೈತೊಳೆದುಕೊಳ್ಳಲು ವಾಯುಗುಣ ಒಂದು ನೆಪವಾಗಬಾರದು. ನಾನು ಮೊದಲು ಹೇಳಿದ 50 ವರ್ಷಗಳ ಲೆಕ್ಕದಲ್ಲೇ ಇನ್ನೊಂದು ಅಂಕಿ ಇದೆ: ಹವಾಮಾನದ ಅನಾಹುತಗಳಿಂದ ದಿನಕ್ಕೆ ಸರಾಸರಿ 170 ಜನ ಸಾಯುತ್ತಿದ್ದದ್ದು 1970ರ ದಶಕದಲ್ಲಿ, 2010ರ ದಶಕದಲ್ಲಿ ಅದು 40ಕ್ಕೆ ಇಳಿದಿತ್ತು. ಅನಾಹುತ ಹೆಚ್ಚಿದರೂ ಸಾವು ಇಳಿಯಿತು. ಇಳಿಸಿದ್ದು ಮುನ್ನೆಚ್ಚರಿಕೆ.

ಚಂಡಮಾರುತಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಜನ ಹೇಳುವುದಕ್ಕೂ ಅಂಕಿ ಹೇಳುವುದಕ್ಕೂ ಅಂತರವಿದೆ. ಜಗತ್ತಿನಲ್ಲಿ ಒಟ್ಟು ಚಂಡಮಾರುತಗಳ ಸಂಖ್ಯೆ ಹೆಚ್ಚಿಲ್ಲ. ಹೆಚ್ಚಿರುವುದು ಅವುಗಳಲ್ಲಿ ಅತಿ ಪ್ರಬಲವಾದವುಗಳ ಪಾಲು, ಅವು ತರುವ ಮಳೆ, ಮತ್ತು ಕೆಲವು ದಿಢೀರನೆ ಬಲಿಯುವ ವೇಗ. 2023ರ ಅಕ್ಟೋಬರ್ 24ರ ಬೆಳಿಗ್ಗೆ ಮೆಕ್ಸಿಕೊ ಕರಾವಳಿಯಾಚೆ ಓಟಿಸ್ ಸಾಧಾರಣ ಬಿರುಗಾಳಿಯಾಗಿತ್ತು. ಅದೇ ಮಧ್ಯರಾತ್ರಿ ಕಳೆಯುತ್ತಿದ್ದಂತೆ ಗಂಟೆಗೆ 260 ಕಿ.ಮೀ. ವೇಗದ, ಎಲ್ಲಕ್ಕಿಂತ ಪ್ರಬಲವಾದ ಐದನೇ ವರ್ಗದ ಚಂಡಮಾರುತವಾಗಿ ಅಕಪುಲ್ಕೊ ನಗರಕ್ಕೆ ಅಪ್ಪಳಿಸಿತು. ಬೆಳಿಗ್ಗೆ ಮುನ್ಸೂಚನೆ ಓದಿ ಕೆಲಸಕ್ಕೆ ಹೋದವರಿಗೆ ಊರು ಬಿಡಲು ಸಮಯವೇ ಸಿಗಲಿಲ್ಲ. ಮುನ್ಸೂಚನೆ ಕೊಡುವವರ ಪಾಲಿಗೆ ಅದಕ್ಕಿಂತ ಕೆಟ್ಟ ರಾತ್ರಿ ಇಲ್ಲ.

ಅಂಥ ಚಂಡಮಾರುತಕ್ಕೆ ಇಂಧನ ಎಲ್ಲಿಂದ? ಸಮುದ್ರದಿಂದ. ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಸುಮಾರು ಶೇ 90ರಷ್ಟು ಸಮುದ್ರದೊಳಗೆ ಹೋಗಿದೆ. 2023ರ ಮಾರ್ಚ್ ಮಧ್ಯದಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಸಮುದ್ರಗಳ ಮೇಲ್ಮೈ ಉಷ್ಣಾಂಶ ಪ್ರತಿದಿನವೂ ಆಯಾ ದಿನಾಂಕದ ಹಳೆಯ ದಾಖಲೆಗಿಂತ ಮೇಲೇ ಇತ್ತು. ಹವಳದ ದಂಡೆಗಳು ಬೆಳ್ಳಗಾಗುತ್ತಾ ಬಂದು, 2024ರ ಏಪ್ರಿಲ್‌ನಲ್ಲಿ ಇದು ನಾಲ್ಕನೆಯ ಜಾಗತಿಕ ಹವಳ ಬಿಳಿಚಿಕೆ ಎಂದು ಘೋಷಣೆಯಾಯಿತು. ಸಿಹಿನೀರಿನ ಕಥೆ ಇನ್ನೂ ನೋವಿನದು. 2023ರ ಬರದಲ್ಲಿ ಅಮೆಜಾನ್‌ನ ತೆಫೆ ಸರೋವರ ಬತ್ತಿ, ಉಳಿದ ನೀರು 40 ಡಿಗ್ರಿಯ ಹತ್ತಿರ ಕಾದಿತ್ತು. ಸ್ನಾನದ ನೀರಿಗಿಂತ ಬಿಸಿ. ನೂರಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳ ಹೆಣಗಳು ತೇಲಿದವು.

ಧ್ರುವದ ಸೆಕೆ ಎಂದು ಶೀರ್ಷಿಕೆಯಲ್ಲಿ ಬರೆದಿದ್ದೇನೆ, ಅದೂ ಅಕ್ಷರಶಃ ನಿಜ. 2022ರ ಮಾರ್ಚ್ 18ರಂದು ಅಂಟಾರ್ಕ್ಟಿಕಾದ ನಟ್ಟನಡುವೆ, ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರ್‌ಗೂ ಎತ್ತರದಲ್ಲಿರುವ ಕಾಂಕಾರ್ಡಿಯಾ ಕೇಂದ್ರದಲ್ಲಿ ಉಷ್ಣಾಂಶ ಸೊನ್ನೆಗಿಂತ 12 ಡಿಗ್ರಿ ಕೆಳಗಿನ ಆಸುಪಾಸಿಗೆ ಏರಿತು. ಅದು ಸೆಕೆಯೇ ಎಂದು ಕೇಳಬಹುದು. ಆ ಕಾಲದಲ್ಲಿ ಅಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುವುದು ವಾಡಿಕೆ. ವಾಡಿಕೆಗಿಂತ ಸುಮಾರು 38ರಿಂದ 40 ಡಿಗ್ರಿ ಹೆಚ್ಚು! ಭೂಮಿಯ ಮೇಲೆ ಎಲ್ಲೇ ಆಗಲಿ ವಾಡಿಕೆಗಿಂತ ಇಷ್ಟು ಮೇಲೇರಿದ್ದು ದಾಖಲಾದದ್ದಿಲ್ಲ. ಆಸ್ಟ್ರೇಲಿಯಾದ ಕಡೆಯಿಂದ ತೇವಾಂಶದ ದೊಡ್ಡ ಪ್ರವಾಹವೊಂದು ಆಕಾಶದಲ್ಲೇ ಹರಿದು ಬಂದು ಹಿಮಗಡ್ಡೆಯ ಒಡಲೊಳಕ್ಕೆ ನುಗ್ಗಿತ್ತು. ನೋಡಲು ಅಲ್ಲಿ ಬೆರಳೆಣಿಕೆಯ ವಿಜ್ಞಾನಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಹಾಗಾದರೆ ಟೆಕ್ಸಸ್‌ನ ಚಳಿ? 2021ರ ಫೆಬ್ರುವರಿಯಲ್ಲಿ ಧ್ರುವದ ಗಾಳಿ ದಕ್ಷಿಣಕ್ಕೆ ಜಾರಿತು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಗಾಳಿ ಸದಾ ನೇರವಾಗಿರುವುದಿಲ್ಲ, ಹಾವಿನಂತೆ ಬಳುಕುತ್ತದೆ. ಬಳುಕು ದೊಡ್ಡದಾದರೆ ಒಂದು ಕಡೆ ಧ್ರುವದ ಚಳಿ ಕೆಳಗಿಳಿಯುತ್ತದೆ, ಅದೇ ಹೊತ್ತಿಗೆ ಇನ್ನೊಂದು ಕಡೆ ಬಿಸಿಗಾಳಿ ಮೇಲೇರುತ್ತದೆ. ಚಳಿಗೆ ಸಿಕ್ಕಿದ ಊರು ಸುದ್ದಿಯಾಗುತ್ತದೆ, ಹಿತವಾದ ಚಳಿಗಾಲ ಕಂಡ ಊರು ಸುದ್ದಿಯಾಗುವುದಿಲ್ಲ. ಬಿಸಿಯಾಗುತ್ತಿರುವ ಭೂಮಿಯೇ ಈ ಬಳುಕನ್ನು ಹೆಚ್ಚಿಸುತ್ತಿದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಒಮ್ಮತವಿರುವುದು ಇಷ್ಟರ ಮೇಲೆ: ಒಟ್ಟಾರೆ ಶೀತದ ದಾಖಲೆಗಳು ಕಡಿಮೆಯಾಗುತ್ತಿವೆ, ಬಿಸಿಯ ದಾಖಲೆಗಳು ಹೆಚ್ಚುತ್ತಿವೆ. ಟೆಕ್ಸಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತದ್ದರಲ್ಲಿ ಚಳಿಯ ಪಾಲೆಷ್ಟೋ, ಚಳಿಗೆ ಸಜ್ಜಾಗಿರದ ಅನಿಲದ ಕೊಳವೆಗಳ ಮತ್ತು ವಿದ್ಯುತ್ ಸ್ಥಾವರಗಳ ಪಾಲೂ ಅಷ್ಟೇ.

‘ಪ್ರತಿಯೊಂದಕ್ಕೂ ಹವಾಮಾನ ಬದಲಾವಣೆಯೇ?’ ಎಂಬ ಪ್ರಶ್ನೆಯಲ್ಲಿ ನಮ್ಮ ಭಾಷೆಯ ತೊಡಕೂ ಸೇರಿದೆ. ಹವಾಮಾನ ಎಂದರೆ ಇವತ್ತಿನ, ಈ ವಾರದ ಮಳೆ ಬಿಸಿಲು. ವಾಯುಗುಣ ಎಂದರೆ ಒಂದು ಪ್ರದೇಶದ ಮೂವತ್ತು ವರ್ಷಗಳ ನಡವಳಿಕೆ. ಬದಲಾಗಿರುವುದು ವಾಯುಗುಣ. ಹವಾಮಾನ ದಿನಾ ಬದಲಾಗುವುದೇ. ಪತ್ರಿಕೆಗಳಲ್ಲಿ ಎರಡಕ್ಕೂ ‘ಹವಾಮಾನ’ ಎಂದೇ ಬಳಸಿ ಬಳಸಿ, ‘ಹವಾಮಾನ ಬದಲಾಗದೆ ಇರುತ್ತದೆಯೇ’ ಎಂದು ಕೇಳುವವರಿಗೆ ನಾವೇ ದಾರಿ ಮಾಡಿಕೊಟ್ಟಿದ್ದೇವೆ.

ಒಂದು ನಿರ್ದಿಷ್ಟ ಮಳೆಯಲ್ಲಿ ವಾಯುಗುಣದ ಪಾಲೆಷ್ಟು ಎಂದು ಲೆಕ್ಕ ಹಾಕುವ ವಿದ್ಯೆ ಈಗ ಇದೆ. 2004ರಲ್ಲಿ ಬ್ರಿಟನ್ನಿನ ಪೀಟರ್ ಸ್ಟಾಟ್ ಮತ್ತು ಸಂಗಡಿಗರು 2003ರ ಯುರೋಪಿನ ಬಿಸಿಯ ಬಗ್ಗೆ ಮಾಡಿದ ಅಧ್ಯಯನದಿಂದ ಇದು ಬೆಳೆಯಿತು. ಕಂಪ್ಯೂಟರಿನಲ್ಲಿ ಎರಡು ಭೂಮಿಗಳನ್ನು ಕಟ್ಟುತ್ತಾರೆ. ಒಂದು ಈಗಿನದು, ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 420ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವುದು. ಇನ್ನೊಂದು ಕಾರ್ಖಾನೆಗಳ ಯುಗಕ್ಕೆ ಮುಂಚಿನಂತೆ ಸುಮಾರು 280 ಇರುವುದು. ಎರಡರಲ್ಲೂ ಸಾವಿರಾರು ವರ್ಷಗಳ ಹವಾಮಾನವನ್ನು ನಡೆಸಿ, ಅಂಥದೇ ಘಟನೆ ಯಾವುದರಲ್ಲಿ ಎಷ್ಟು ಸಲ ಬಂತು ಎಂದು ಎಣಿಸುತ್ತಾರೆ. ಈ ಎಣಿಕೆಯಲ್ಲಿ ಶಾಖದ ಅಲೆಗಳಿಗೆ ಉತ್ತರ ಬಹಳ ಗಟ್ಟಿಯಾಗಿ ಬರುತ್ತದೆ, ಭಾರಿ ಮಳೆಗೆ ಸಾಕಷ್ಟು ಗಟ್ಟಿಯಾಗಿ, ಬರ ಮತ್ತು ಕಾಳ್ಗಿಚ್ಚಿಗೆ ಪ್ರದೇಶ ನೋಡಿಕೊಂಡು. ಆಲಿಕಲ್ಲು, ಸುಂಟರಗಾಳಿಗಳಲ್ಲಿ ತೀರಾ ದುರ್ಬಲ. ನಿಮ್ಮ ಮೊಬೈಲಿಗೆ ಬರುವ ಹತ್ತು ವಿಡಿಯೊಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ.

2023 ಮತ್ತು 2024 ಅಷ್ಟೊಂದು ಏರಿದ್ದರಲ್ಲಿ ಇಂಗಾಲವೊಂದೇ ಇಲ್ಲ ಎಂಬುದನ್ನೂ ಸೇರಿಸಬೇಕು. ಶಾಂತಸಾಗರದ ಮೇಲ್ಮೈ ಬಿಸಿಯೇರುವ ಎಲ್ ನಿನೊ ಆ ಅವಧಿಯಲ್ಲಿತ್ತು, ಅದು ಡಿಗ್ರಿಯ ಒಂದೆರಡು ದಶಾಂಶ ಕೂಡಿಸುತ್ತದೆ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ 0.5ಕ್ಕೆ ಇಳಿಸಲಾಯಿತು. ಗಾಳಿ ಶುದ್ಧವಾಯಿತು, ಜತೆಗೇ ಬಿಸಿಲನ್ನು ಹಿಂದಕ್ಕೆ ಕಳಿಸುತ್ತಿದ್ದ ಹೊಗೆಮೋಡವೂ ತೆಳುವಾಯಿತು. ಆದರೆ ಎಲ್ ನಿನೊ ಇಳಿದ ಮೇಲೂ 2025 ಅತಿ ಬಿಸಿಯ ಮೂರು ವರ್ಷಗಳಲ್ಲಿ ಒಂದಾಗಿಯೇ ಮುಗಿಯಿತು. ಎಲ್ ನಿನೊ ಅಲೆಯಿದ್ದಂತೆ, ಏರುತ್ತದೆ ಇಳಿಯುತ್ತದೆ. ಅದರಡಿಯ ನೀರಿನ ಮಟ್ಟವೇ ಏರುತ್ತಿದೆ.

ಇನ್ನು ನಿಮ್ಮ ತಂದೆಯವರ ಜತೆಗಿನ ಮಾತು. ಮುಂದಿನ ವಿಡಿಯೊ ಬಂದಾಗ ಅದನ್ನು ತೋರಿಸಿ ವಾದ ಮಾಡಲು ಹೋಗಬೇಡಿ. ನಿಮ್ಮ ಊರಿಗೆ ಹತ್ತಿರದ ಹವಾಮಾನ ಕೇಂದ್ರದ ಹಳೆಯ ದಾಖಲೆ ಸಿಗುತ್ತದೆಯೇ ನೋಡಿ. ಎಲ್ಲರೂ ಗರಿಷ್ಠ ಉಷ್ಣಾಂಶದ ಕಾಲಂ ಅನ್ನು ನೋಡುತ್ತಾರೆ. ನೀವು ಕನಿಷ್ಠದ ಕಾಲಂ ಅನ್ನು ನೋಡಿ, ಅಂದರೆ ರಾತ್ರಿಯದು. ಪೆಟ್ಟಿಗೆಯೊಳಗೆ ಅಡ್ಡಲಾಗಿ ಮಲಗಿಸಿದ ಒಂದು ಉಷ್ಣಮಾಪಕ ಇರುತ್ತದೆ, ಪಾದರಸದ ಬದಲು ಆಲ್ಕೊಹಾಲ್ ತುಂಬಿದ್ದು. ರಾತ್ರಿ ತಣ್ಣಗಾಗುತ್ತಾ ಹೋದಂತೆ ದ್ರವ ಹಿಂದಕ್ಕೆ ಸರಿಯುತ್ತದೆ, ತನ್ನೊಳಗಿನ ಸೂಜಿಯಷ್ಟು ಸಣ್ಣ ಕಡ್ಡಿಯನ್ನು ಎಳೆದುಕೊಂಡು ಹೋಗುತ್ತದೆ. ಬೆಳಗಾಗಿ ದ್ರವ ಮುಂದೆ ಬಂದರೂ ಕಡ್ಡಿ ಅಲ್ಲೇ ಉಳಿಯುತ್ತದೆ, ಆ ರಾತ್ರಿಯ ಅತಿ ತಂಪಿನ ಗಳಿಗೆಯ ಗುರುತಾಗಿ. ಕಳೆದ ಶತಮಾನದಲ್ಲಿ ಜಗತ್ತಿನ ಬಹುತೇಕ ಕಡೆ ಹಗಲಿಗಿಂತ ರಾತ್ರಿಗಳೇ ಹೆಚ್ಚು ಬಿಸಿಯಾಗಿವೆ. ನಿಮ್ಮ ತಂದೆಯವರು ಹುಡುಗರಾಗಿದ್ದಾಗಿನ ಹತ್ತು ವರ್ಷಗಳ ಬೇಸಿಗೆಯ ಕನಿಷ್ಠ ಉಷ್ಣಾಂಶ, ಈಚಿನ ಹತ್ತು ವರ್ಷಗಳದು, ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಆ ಕಾಲದಲ್ಲಿ ಬೇಸಿಗೆಯ ರಾತ್ರಿ ಹೊರಗೆ ಮಲಗಿದರೆ ಬೆಳಗಿನ ಜಾವ ಹೊದೆಯಲು ಏನಾದರೂ ಬೇಕಾಗುತ್ತಿತ್ತೇ ಎಂದು ಅವರನ್ನೇ ಕೇಳಿ.